ಪಾಗಾರದ ಈಚೆಯ ಅಕ್ಕ

ಆಚೆಮನೆಯ ತಮ್ಮ ತೀರಿಕೊಂಡರೆಂದು ಬಂಟ್ವಾಳದಿಂದ ನನ್ನ ಹಳೆಯ ಸಹೋದ್ಯೋಗಿಯೊಬ್ಬಳು ಫೋನು ಮಾಡಿದಳು. ವಯಸ್ಸಾಗಿತ್ತು, ಮಲಗಿದಲ್ಲೇ ಹೋದರಂತೆ. "ಪಾಪ" ಎಂದು ಬಾಯಲ್ಲಿ ಅಂದೆ. ಮನಸ್ಸಿಗೆ ಮಾತ್ರ ಅವರು ಬರಲಿಲ್ಲ. ಅವರ ಅಕ್ಕ ಬಂದು ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಕತ್ತಿ. ಆಕೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ಇವತ್ತಿಗೂ ಯಾವುದಾದರೂ ನಾಯಿ ಬೊಗಳಿದರೆ ನನಗೆ ಮೊದಲು ನೆನಪಾಗುವುದು ನಾಯಿಯಲ್ಲ, ಆಕೆಯ ಬೈಗುಳ.

ನಾನು ರಾಣೆಬೆನ್ನೂರಿನ ಕಡೆಯವಳು. ಎಪ್ಪತ್ತರ ದಶಕದ ಕೊನೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿ ಬಂಟ್ವಾಳಕ್ಕೆ ಹೋದೆ. ಬಸ್ಸು ಹತ್ತಿಸುವಾಗ ನಮ್ಮವ್ವ ನಾನು ಸಮುದ್ರ ದಾಟಿ ಪರದೇಶಕ್ಕೇ ಹೊರಟವಳೆಂಬಂತೆ ಅತ್ತಳು. ಹೋಗಿ ನೋಡಿದರೆ ಅವ್ವ ಅತ್ತದ್ದೇ ಸರಿಯಾಗಿತ್ತು. ಘಟ್ಟ ಇಳಿದ ಮೇಲೆ ಅಕ್ಕಿ ಬೇರೆ, ಸೆಖೆ ಬೇರೆ, ಭಾಷೆಯೂ ಬೇರೆ. ಬಸ್ಸಿನಲ್ಲಿ, ಮೀನಿನ ಮಾರ್ಕೆಟಿನಲ್ಲಿ, ಕೊನೆಗೆ ಎಕ್ಸ್‌ಚೇಂಜಿನೊಳಗೂ ಎಲ್ಲರೂ ತುಳುವಿನಲ್ಲಿ ಮಾತಾಡುತ್ತಿದ್ದವರು ನನ್ನ ಮುಖ ಕಂಡ ಕೂಡಲೇ ಪುಸ್ತಕದ ಕನ್ನಡಕ್ಕೆ ಹೊರಳುತ್ತಿದ್ದರು. ನನ್ನ ಕನ್ನಡ ಕೇಳಿ ಅವರಿಗೆ ನಗು, ಅವರದು ಕೇಳಿ ನನಗೆ. ಪಾಸ್‌ಪೋರ್ಟ್ ಒಂದು ಕೇಳಲಿಲ್ಲ, ಅಷ್ಟೇ.

ನರಿಕೊಂಬಿನಲ್ಲಿ ಹೊಳೆಯ ಬದಿಗೆ ಒಂದು ಕೋಣೆ ಗೊತ್ತಾಗಿತ್ತು. ಗಂಡ ತೀರಿಹೋದ, ಮಕ್ಕಳಿಲ್ಲದ ಒಬ್ಬ ಹೆಂಗಸಿನ ಮನೆ, ಚಾವಡಿಯ ಪಕ್ಕದ ಕೋಣೆ ಎಂದು ಹೇಳಿದ್ದರು. ಅಲ್ಲಿಗೆ ಹೋಗಬೇಕಾದರೆ ಪಕ್ಕದ ಹೊಸಮನೆಯ ಗೇಟಿನ ಮುಂದೆ ಹಾಯ್ದು ಹೋಗಬೇಕು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಟ್ರಂಕು ಹಿಡಿದು ಗೇಟಿನ ಹತ್ತಿರ ಬಂದದ್ದೇ ತಡ, ಮೂರು ನಾಯಿಗಳು ಒಟ್ಟಿಗೆ ಹೊರಗೆ ಬಿದ್ದವು. ನಾನು "ಹಚಾ ಹಚಾ" ಎಂದೆ. ಕನ್ನಡ ಆ ನಾಯಿಗಳಿಗೂ ತಿಳಿಯಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಕರಿಯದು, ಟೈಗರ್ ಎಂದು ಅದರ ಹೆಸರು, ನನ್ನ ಸೀರೆಯನ್ನು ಕಚ್ಚಿ ಎಳೆದು ಹರಿಯಿತು. ಟ್ರಂಕನ್ನು ಅಡ್ಡ ಹಿಡಿದು "ಯವ್ವಾ, ಸತ್ತೆ!" ಎಂದು ಕಿರುಚಿದೆ.

ಆಗ ನಾನು ಹೋಗಬೇಕಿದ್ದ ಈಚೆಮನೆಯಿಂದ ಒಬ್ಬಳು ಕುಳ್ಳಗಿನ ದಪ್ಪ ಹೆಂಗಸು ಓಡಿಬಂದು, ತೆಂಗಿನಕಾಯಿ ಕೆತ್ತುವ ಕತ್ತಿಯ ಬೆನ್ನಿನಿಂದ ಟೈಗರನ ಮೂತಿಗೆ ಬಾರಿಸಿದಳು. ಎಲುಬಿಗೆ ಕಬ್ಬಿಣ ತಾಗಿದ ಸದ್ದು ನನಗೆ ಕೇಳಿಸಿತು. ನಾಯಿ ಊಳಿಡುತ್ತ ಗೇಟಿನೊಳಗೆ ನುಗ್ಗಿತು, ಉಳಿದೆರಡು ಅದರ ಹಿಂದೆ. ಹೆಂಗಸು ನನ್ನ ಕಡೆ ನೋಡಲೂ ಇಲ್ಲ. ಎರಡು ಮನೆಗಳ ನಡುವೆ ಸೊಂಟದೆತ್ತರದ ಕೆಂಪುಕಲ್ಲಿನ ಗೋಡೆಯಿತ್ತು, ಅದಕ್ಕೆ ಅಲ್ಲಿಯವರು ಪಾಗಾರ ಎನ್ನುತ್ತಾರೆ. ಪಾಗಾರದ ಪಕ್ಕದಲ್ಲೊಂದು ತೆಂಗಿನ ಮರ. ಆಕೆ ಆ ಮರದೆದುರು ನಿಂತು ಬೈಯತೊಡಗಿದಳು. ಬೈಗುಳವೆಲ್ಲ ತುಳುವಿನಲ್ಲಿತ್ತು. ಆಮೇಲೆ ನನಗೆ ಒಂದೂ ತಪ್ಪಿಹೋಗಬಾರದೆಂದು ಆಕೆಯೇ ಕೂತು ಕನ್ನಡ ಮಾಡಿ ಹೇಳಿದಳು.

"ಏ ತೆಂಗಿನ ಮರವೇ, ಕೇಳಿತಾ? ಮನೆಗೆ ಬಂದ ಹೆಣ್ಣುಮಗಳ ಸೀರೆ ಎಳೆಯುವುದು ಯಾವ ವಂಶದಲ್ಲಿ ಉಂಟು? ಇವತ್ತು ಕತ್ತಿಯ ಬೆನ್ನು. ಇನ್ನೊಮ್ಮೆ ಬಂದರೆ ಕತ್ತಿಯ ಬಾಯಿ. ಹೇಳಿಬಿಡು, ಹೇಳುವವರಿಗೆ!"

ಹೊಸಮನೆಯ ಜಗಲಿಯಿಂದ ಗಂಡಸಿನ ದನಿ ಬಂತು. ಅದೂ ಆಕೆಗೆ ಉತ್ತರವಲ್ಲ, ನಾಯಿಗೆ. "ಟೈಗರಾ, ಕೆಲವರ ಮನೆಗೆ ಕಳ್ಳ ಬಂದರೂ ಗೊತ್ತಾಗುವುದಿಲ್ಲ. ನೀನು ನಿನ್ನ ಕೆಲಸ ಮಾಡು ಮಗಾ."

ಇವರಿಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡೆ. ಮೊದಲ ವಾರ ಪೂರ್ತಿ ಹಾಗೆಯೇ ಅಂದುಕೊಂಡಿದ್ದೆ.

ಆಕೆಯನ್ನು 'ನೀವು' ಎಂದರೆ ಸಿಟ್ಟು ಬರುತ್ತಿತ್ತು. "ನಾನೇನು ಮುದುಕಿಯಾ? ಅಕ್ಕ ಅಂತ ಹೇಳು, ಸಾಕು" ಎಂದಳು. ಹಾಗಾಗಿ ನನಗೆ ಆಕೆ ಅಕ್ಕ, ಏಕವಚನದ ಅಕ್ಕ. ಆಕೆಗೆ ನಾನು "ಘಟ್ಟದ ಹುಡುಗಿ". ನಾನು ರೊಟ್ಟಿ ಬಡಿಯುವುದನ್ನು ನೋಡಿ "ಪಾಪ, ಹಿಟ್ಟು ನಿನಗೆ ಎಂತ ಮಾಡಿತು?" ಎಂದು ಕೇಳುತ್ತಿದ್ದಳು. ಕುಚ್ಚಲಕ್ಕಿಯ ಗಂಜಿ ನನಗೆ ಇಳಿಯುವುದಿಲ್ಲ ಎಂದು ಗೊತ್ತಾದ ದಿನ ಪೇಟೆಗೆ ಹೋಗಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ ತಂದು ನನ್ನ ಕೋಣೆಯ ಮುಂದೆ ಎತ್ತಿ ಹಾಕಿದಳು. ಇಡಲಿಲ್ಲ, ಎತ್ತಿ ಹಾಕಿದಳು. ಆಕೆಯ ಪ್ರೀತಿಗೂ ಸಿಟ್ಟಿಗೂ ಸದ್ದು ಒಂದೇ.

ಬಂಗುಡೆ ಕೊಯ್ಯುತ್ತ ಕೂತ ಒಂದು ಮಧ್ಯಾಹ್ನ ತೆಂಗಿನ ಮರದ ಕತೆ ಹೇಳಿದಳು. ಹೊಸಮನೆಯವರು ಬೇರೆ ಯಾರೂ ಅಲ್ಲ, ಆಕೆಯ ಒಡಹುಟ್ಟಿದ ತಮ್ಮ. ಅವರ ಪೈಕಿ ಮನೆತನ ನಡೆಯುವುದು ಹೆಣ್ಣುಮಕ್ಕಳಿಂದ. ತಾಯಿಯ ಮನೆ ಅಕ್ಕನಿಗೆ ಬಂತು. ತಮ್ಮ ಬೊಂಬಾಯಿಯಲ್ಲಿ ಹೋಟೆಲು ನಡೆಸಿ ತಿರುಗಿ ಬಂದು ಪಕ್ಕದಲ್ಲೇ ಮನೆ ಕಟ್ಟಿಸಿದರು, ಬರುವಾಗ ಒಂದು ಸೀಮೆನಾಯಿಯನ್ನೂ ತಂದರು. ಒಂದು ದಿನ ಆ ನಾಯಿ ಅಕ್ಕನ ಕರುವಿನ ಕುತ್ತಿಗೆ ಹರಿದು ಹಾಕಿತು.

"ನಾಯಿ ತಾನಾಗಿ ಬರಲಿಲ್ಲ" ಎಂದಳು ಅಕ್ಕ, ಮೀನಿನ ಹೊಟ್ಟೆ ಸೀಳುತ್ತ. "ನನ್ನ ದನ ಅವನ ಬದನೆ ಗಿಡ ತಿಂದಿತ್ತು ಅಂತ ಇವನು ಜಗಲಿಯಲ್ಲಿ ನಿಂತು ಛೂ ಬಿಟ್ಟದ್ದು. ನಾನು ಈ ಕಣ್ಣಲ್ಲಿ ನೋಡಿದ್ದೇನೆ. ಕೇಳಿದರೆ, ಇಲ್ಲ ಅಂತ ದೇವಸ್ಥಾನದಲ್ಲಿ ಆಣೆ ಹಾಕಿದ. ನಾನು ಬಿಡ್ತೇನಾ? ನಾನೂ ಹಾಕಿದೆ."

ಬೆಳ್ತಂಗಡಿ ಕಡೆಯ ಒಂದು ದೇವಸ್ಥಾನದಲ್ಲಿ, ದೇವರ ಎದುರು, ಅಕ್ಕ ತಮ್ಮ ಇಬ್ಬರೂ ಆಣೆ ಹಾಕಿದ್ದರು. ಸತ್ಯ ಹೊರಗೆ ಬರುವ ತನಕ ಮಾತಿಲ್ಲ, ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ, ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುವುದಿಲ್ಲ. ಇಂಥ ಆಣೆಯನ್ನು ಸುಮ್ಮನೆ ಮುರಿಯುವ ಹಾಗಿಲ್ಲ. ಇಬ್ಬರೂ ಒಟ್ಟಿಗೆ ಅಲ್ಲಿಗೇ ಹೋಗಿ, ಒಬ್ಬರು ತಪ್ಪಾಯಿತೆಂದು ಕಾಣಿಕೆ ಹಾಕಿ, ಬಿಡಿಸಿಕೊಂಡು ಬರಬೇಕು. ಬಿಡಿಸುವ ಮೊದಲೇ ಒಬ್ಬರು ಸತ್ತರೆ ಎರಡೂ ಮನೆಗೆ ಕೇಡು. ಇಬ್ಬರಿಗೂ ಹೆದರಿಕೆಯಿತ್ತು, ಆದರೆ ಮೊದಲು ಬಗ್ಗಲು ಇಬ್ಬರೂ ತಯಾರಿರಲಿಲ್ಲ. ಹಾಗಾಗಿ ಅಕ್ಕ ತೆಂಗಿನ ಮರಕ್ಕೆ ಹೇಳುತ್ತಿದ್ದಳು, ತಮ್ಮ ನಾಯಿಗಳಿಗೆ ಹೇಳುತ್ತಿದ್ದರು. ಮೊದಲ ನಾಯಿ ಮುದಿಯಾಗಿ ಸತ್ತ ಮೇಲೆ ಒಂದರ ಬದಲು ಮೂರು ಸಾಕಿದರು, ಬರೇ ಹಠಕ್ಕೆ.

ಆ ನಾಯಿಗಳ ಕಾಟವನ್ನು ಏನು ಹೇಳಲಿ? ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ಕಿವಿಯೊಳಗೇ ಬೊಗಳುತ್ತಿದ್ದವು. ಪೋಸ್ಟ್‌ಮ್ಯಾನ್ ಗೇಟಿನ ತನಕ ಬರುವುದನ್ನೇ ಬಿಟ್ಟ. ತಮ್ಮನ ಹೆಂಡತಿ ಕೂಡ ಆ ಗದ್ದಲ ತಡೆಯಲಾರದೆ ಮೂಡಬಿದ್ರೆಯ ತವರಿನಲ್ಲೇ ಹೆಚ್ಚು ಇರುತ್ತಿದ್ದರು. ಅಕ್ಕ ಮಾತ್ರ ಯುದ್ಧಕ್ಕೆ ಇಳಿದವಳು. ಪಾಗಾರ ಹಾರಿ ಬಂದ ಜಾಕಿ ಎಂಬ ನಾಯಿಯ ಬೆನ್ನಿಗೆ ಕುದಿಯುವ ಗಂಜಿತಿಳಿ ಹೊಯ್ದಳು, ಅಲ್ಲಿ ಆಮೇಲೆ ಕೂದಲೇ ಬರಲಿಲ್ಲ. ಮೂರನೆಯದು ಕೈಸರ್, ಅದರ ಒಂದು ಕಿವಿ ಅರ್ಧವಾದದ್ದು ಆಕೆಯ ಕತ್ತಿಗೆ. ಅದಕ್ಕೆ ತಮ್ಮ ಆಚೆಯಿಂದ ಕಲ್ಲು ಬೀಸಿ ಆಕೆಯ ಹಂಡೆ ಒಡೆದರು, ಆಕೆ ಅವರ ಹೆಂಚು ಒಡೆದಳು. ರಾಜಿ ಮಾಡಿಸಲು ಬಂದ ಪಂಚಾಯತಿ ಮೆಂಬರ್ ಒಬ್ಬರು "ನೀವು ಹೆಂಗಸರು ಸ್ವಲ್ಪ ತಗ್ಗಿ ಹೋಗಬೇಕಲ್ಲವಾ?" ಎಂದರು. ಅವರ ಕೆನ್ನೆಗೆ ಬಿದ್ದ ಏಟು ನನ್ನ ಕೋಣೆಗೆ ಕೇಳಿಸಿತು.

ನಾನು ಮಲಗಿದ್ದಾಗ ನಾಯಿ ಬೊಗಳಿದರೆ ಅಕ್ಕ ಪಾಗಾರದ ಹತ್ತಿರ ಕಲ್ಲಿನ ರಾಶಿ ಹಾಕಿಕೊಂಡು ಕೂರುತ್ತಿದ್ದಳು. ಎದ್ದು ಬಂದು ನೋಡಿದರೆ ರಾಶಿ ಅರ್ಧ ಖಾಲಿ. "ನಿದ್ದೆ ಬಂತಾ?" ಎಂದು ಕೇಳುತ್ತಿದ್ದಳು. ನಾಯಿಗಳಿಗಿಂತ ಆಕೆಯ ಕಲ್ಲಿನ ಸದ್ದೇ ಹೆಚ್ಚಿತ್ತೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಇಷ್ಟೆಲ್ಲ ಹೊಡೆದಾಟದ ನಡುವೆ ತಮ್ಮನಿಗೊಮ್ಮೆ ಜ್ವರ ಬಂತು. ಮಲಗಿದವರು ಏಳಲಿಲ್ಲ. ಅಕ್ಕ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ನಾನು ಕೆಲಸಕ್ಕೆ ಹೊರಡುವಾಗ ಕೈಗೊಂದು ಕ್ಯಾನ್ ಕೊಟ್ಟಳು.

"ನಿಮ್ಮ ಎಕ್ಸ್‌ಚೇಂಜಿನಲ್ಲಿ ನಳ್ಳಿ ಉಂಟಲ್ಲ? ಬರುವಾಗ ಅದರ ನೀರು ತಾ."

"ನಮ್ಮ ಬಾವಿ ನೀರಿಗೇನಾಗೇದ?" ಎಂದೆ.

"ನಮ್ಮ ಬಾವಿಯದ್ದು ಅವನು ಮುಟ್ಟುವ ಹಾಗಿಲ್ಲವಲ್ಲ ಮಾರಾಯ್ತಿ! ಸರಕಾರದ ನೀರಿಗೆ ಆಣೆ ಎಲ್ಲಿಂದ?"

ಆ ನೀರಿನಲ್ಲಿ ಕಷಾಯ ಕಾಯಿಸಿ, ನಾನೇ ಮಾಡಿದ್ದೆಂದು ಹೇಳಿಸಿ ಕಳಿಸಿದಳು. ತಮ್ಮ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. "ಘಟ್ಟದ ಮೇಲೆ ಕಷಾಯಕ್ಕೆ ಇಷ್ಟು ಒಳ್ಳೆಮೆಣಸು ಹಾಕ್ತಾರಾ?" ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ, ಪೂರ್ತಿ ಕುಡಿದರು. ಏಳುವಷ್ಟಾದ ದಿನ ಮತ್ತೆ ನಾಯಿಗಳನ್ನು ಬಿಟ್ಟರು, ಅಕ್ಕ ಮತ್ತೆ ಕಲ್ಲು ಒಟ್ಟಿದಳು.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ಬೇಸಿಗೆಯಲ್ಲಿ ಹೊಳೆಯಾಚೆಯಿಂದ ಒಂದು ನರಿ ಬಂದು ಟೈಗರಿಗೆ ಕಚ್ಚಿತು. ಅದಾಗಿ ಕೆಲವು ವಾರದ ಮೇಲೆ ಅಕ್ಕ ಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. "ಆ ನಾಯಿಯ ಸ್ವರ ಬದಲಾಗಿದೆ" ಎಂದಳು. ನನಗೆ ಎಲ್ಲ ಬೊಗಳುವಿಕೆಯೂ ಒಂದೇ. ಆಕೆ ಅಷ್ಟು ವರ್ಷ ಆ ನಾಯಿಯ ಜೊತೆ ಜಗಳಾಡಿದವಳು, ಅದರ ಗಂಟಲು ಒಡೆದದ್ದು ಆಕೆಗೆ ತಿಳಿಯಿತು. ತೆಂಗಿನ ಮರಕ್ಕೆ ಹೇಳಿದಳು, "ಆ ಕರಿಯ ನಾಯಿಗೆ ಹುಚ್ಚು ಹಿಡಿದಿದೆ, ಕಟ್ಟಿ ಹಾಕಲಿ." ಆಚೆಯಿಂದ ತಮ್ಮ ಟೈಗರಿಗೆ ಹೇಳಿದರು, "ಕೇಳಿದೆಯಾ ಮಗಾ? ನಿನ್ನನ್ನು ಕೊಲ್ಲಿಸಲು ಹೊಸ ಉಪಾಯ."

ಮರುದಿನ ಭಾನುವಾರ. ಬೆಳಗ್ಗೆ ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಪಾಗಾರದಾಚೆ ತಮ್ಮ ನಾಯಿಗೆ ಅನ್ನ ಇಡಲು ಬಗ್ಗಿದರು. ಟೈಗರ್ ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ. ನೇರ ಅವರ ಮುಂಗೈಗೆ ಬಾಯಿ ಹಾಕಿ ತಲೆ ಕೊಡವಿತು. ಅವರು ಕೆಳಗೆ ಬಿದ್ದರು. ನಾಯಿ ಕೈ ಬಿಡದೆ ಅವರನ್ನು ಅಂಗಳದ ತುಂಬ ಎಳೆಯಿತು. ಉಳಿದೆರಡು ನಾಯಿಗಳು ಮಧ್ಯೆ ಹೋಗಿ ತಾವೂ ಕಚ್ಚಿಸಿಕೊಂಡು ಕಿರುಚಿದವು.

ಅಕ್ಕ ಕತ್ತಿ ಹಿಡಿದು ಪಾಗಾರದ ತನಕ ಓಡಿದಳು. ಅಲ್ಲಿ ಒಂದು ಕ್ಷಣ ನಿಂತಳು. ಯಾಕೆ ನಿಂತಳೆಂದು ನನಗೆ ಗೊತ್ತು. ಆಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಪಾಗಾರ ಹತ್ತಿ ಆಚೆ ಹಾರಿದಳು. ಎಡಗೈಯಲ್ಲಿ ನಾಯಿಯ ಕುತ್ತಿಗೆಯ ತೊಗಲು ಹಿಡಿದು ಬಲಗೈಯಲ್ಲಿ ಕಡಿದಳು. ಒಂದೇ ಏಟಿಗೆ ಸಾಯುವ ನಾಯಿ ಅದಲ್ಲ. ಕಡಿಯುತ್ತಲೇ ಇದ್ದಳು. ರಕ್ತ ಆಕೆಯ ಮುಖಕ್ಕೆ, ಬಾಯಿಗೆ, ಅನ್ನದ ತಟ್ಟೆಗೆ ಚಿಮ್ಮಿತು. ಸತ್ತ ಮೇಲೂ ಹಲ್ಲು ಸಡಿಲವಾಗಲಿಲ್ಲ. ದವಡೆಯೊಳಗೆ ಬೆರಳು ತೂರಿಸಿ, ಕತ್ತಿಯ ತುದಿಯಿಂದ ಮೀಟಿ ತಮ್ಮನ ಕೈ ಬಿಡಿಸಿದಳು.

ತಮ್ಮ ಕೂತಲ್ಲಿಂದಲೇ ಕಿರುಚಿದರು. "ನನ್ನ ನಾಯಿಯನ್ನು ಕೊಂದೆಯಲ್ಲ, ರಾಕ್ಷಸಿ!"

"ಹುಚ್ಚು ಹಿಡಿದ ನಾಯಿ ಅದು, ಪೆದ್ದ! ಆಸ್ಪತ್ರೆಗೆ ನಡೆ!"

ಅಷ್ಟು ಹೇಳಿದ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ತಾವು ಮಾತಾಡಿದ್ದೇವೆಂದು. ಅಕ್ಕ ತಲೆ ಬಗ್ಗಿಸಿ ತನ್ನ ಕಾಲು ನೋಡಿಕೊಂಡಳು. ಕಾಲು ತಮ್ಮನ ಅಂಗಳದಲ್ಲಿತ್ತು. ಬಂದ ದಾರಿಯಲ್ಲೇ ಪಾಗಾರ ಹತ್ತಿ ಇಳಿದು, ಬಾವಿಕಟ್ಟೆಗೆ ಬಂದು ತಲೆಯ ಮೇಲೆ ನೀರು ಹೊಯ್ದುಕೊಂಡಳು. ಎಡಗೈಯ ಬೆರಳಿನಲ್ಲಿ ಗಾಯವಿತ್ತು. "ಕತ್ತಿ ತಾಗಿದ್ದು" ಎಂದು ಅರಸಿನ ಮೆತ್ತಿ ಬಟ್ಟೆ ಸುತ್ತಿದಳು. ಕೈಯಲ್ಲಿ ಕತ್ತಿ ಇದ್ದವಳ ಮಾತು ನಂಬದೆ ಇರಲು ಯಾರಿಗೂ ಕಾರಣವಿರಲಿಲ್ಲ.

ತಮ್ಮ ಆಸ್ಪತ್ರೆಗೆ ಹೋಗಲಿಲ್ಲ. ನಾಯಿಗೆ ಹಸಿವಾಗಿತ್ತು, ಹುಚ್ಚಲ್ಲ ಎಂದರು. ಬೇಕಾದರೆ ಮುಂಡಾಜೆ ಕಡೆಯಿಂದ ಬೇರಿನ ಮದ್ದು ತರಿಸಿ ಕುಡಿಯುತ್ತೇನೆ ಎಂದರು. ಅಕ್ಕನಿಗೆ ಊಟ ಸೇರಲಿಲ್ಲ. ಆಕೆ ಚಿಕ್ಕವಳಿದ್ದಾಗ ಕಲ್ಲಡ್ಕದ ಒಬ್ಬ ಗಾಡಿಯವನಿಗೆ ಹುಚ್ಚುನಾಯಿ ಕಚ್ಚಿತ್ತಂತೆ. ಬೇರಿನ ಮದ್ದು ಕುಡಿದ, ಎರಡು ತಿಂಗಳು ಚೆನ್ನಾಗಿಯೇ ಇದ್ದ. "ಆಮೇಲೆ ನೀರು ಕಂಡರೆ ಕಿರುಚುವುದು. ಬಾಯಾರಿಕೆ ಉಂಟು, ಚೊಂಬು ಹತ್ತಿರ ತಂದರೆ ಗಂಟಲು ಹಿಡಿಯುವುದು. ಕಂಬಕ್ಕೆ ಕಟ್ಟಿ ಹಾಕಿದ್ದರು. ನಾನು ಹೋಗಿ ನೋಡಿದ್ದೇನೆ. ನೀನು ಹೋಗು ಹುಡುಗಿ, ಅವನಿಗೆ ಇದೆಲ್ಲ ಹೇಳು" ಎಂದು ನನ್ನನ್ನು ಅಟ್ಟಿದಳು.

ಹೋಗಿ ಹೇಳಿದೆ. ತಮ್ಮ ಜಗಲಿಯಲ್ಲಿ ಕೈಗೆ ಬಟ್ಟೆ ಸುತ್ತಿ ಕೂತಿದ್ದರು. ಮುಖ ಬಿಳುಚಿತ್ತು, ಹೆದರಿಕೆಯಿತ್ತು, ಆದರೂ ಹಠ ಹೋಗಿರಲಿಲ್ಲ.

"ಆಣೆ ಮುರಿದವಳ ಮಾತು ಕೇಳಿ ನಾನು ಹೊರಟರೆ ಆ ಪಾಪ ನನಗೂ ಬರ್ತದೆ. ಮೊದಲು ದೇವಸ್ಥಾನಕ್ಕೆ ಬರಲಿ. ತಪ್ಪು ಕಾಣಿಕೆ ಅವಳೇ ಹಾಕಲಿ. ಕರುವಿನ ಮೇಲೆ ನಾನು ಛೂ ಬಿಡಲಿಲ್ಲ ಅಂತ ದೇವರ ಎದುರು ಒಪ್ಪಲಿ. ಮತ್ತೆ ಅವಳು ಹೇಳಿದ ಆಸ್ಪತ್ರೆಗೆ ಬರ್ತೇನೆ."

ಬಂದು ಅಕ್ಕನಿಗೆ ಹೇಳಿದೆ. ಈ ಸಲ ಮರಕ್ಕೆ ಗತಿಯಿಲ್ಲ ಎಂದುಕೊಂಡೆ. ಆಕೆ ಬೈಯಲಿಲ್ಲ. ಒಲೆಯ ಮುಂದೆ ಕೂತು ಬೆಂಕಿ ನೋಡುತ್ತಿದ್ದಳು.

"ನಾಳೆ ಮೊದಲನೇ ಬಸ್ಸಿಗೆ ಹೋಗುವ ಅಂತ ಹೇಳು" ಎಂದಳು.

"ಛೂ ಬಿಟ್ಟಿದ್ದು ನೀ ಕಣ್ಣಾರೆ ನೋಡೀಯಲ್ಲಕ್ಕ! ದೇವರ ಮುಂದ ಸುಳ್ಳು ಹೇಳ್ತಿಯೇನು?"

"ದೇವರ ಹತ್ತಿರ ನಾನು ಆಮೇಲೆ ಮಾತಾಡಿಕೊಳ್ತೇನೆ. ಇವನು ಸತ್ತರೆ ನಾನು ಯಾರಿಗೆ ಬೈಯುವುದು ಮಾರಾಯ್ತಿ?"

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು, ನಾನು ನಡುವೆ. ದೇವಸ್ಥಾನದಲ್ಲಿ ಅಕ್ಕ ಕಾಣಿಕೆ ಹಾಕಿ, ಭಟ್ಟರು ಹೇಳಿಕೊಟ್ಟ ಹಾಗೆ ಹೇಳಿದಳು. "ನನ್ನ ತಮ್ಮ ಛೂ ಬಿಡಲಿಲ್ಲ. ನನ್ನದೇ ತಪ್ಪು. ಆಣೆ ಬಿಟ್ಟೆ." ಯಾವತ್ತೂ ತೆಂಗಿನ ಮರ ನಡುಗುವಂತೆ ಕಿರುಚುತ್ತಿದ್ದವಳ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಭಟ್ಟರು ಗಟ್ಟಿಯಾಗಿ ಹೇಳಿ ಎಂದರು. ಗಟ್ಟಿಯಾಗಿ ಹೇಳಿದಳು. ತಮ್ಮ ನೆಲ ನೋಡುತ್ತ ತಾನೂ ಆಣೆ ಬಿಟ್ಟೆ ಎಂದರು.

ದೇವಸ್ಥಾನದ ಮೆಟ್ಟಿಲು ಇಳಿದ ಕೂಡಲೇ ಅಕ್ಕನಿಗೆ ಪ್ರಾಣ ಬಂದಂತಾಯಿತು. ತಮ್ಮನ ಅಂಗಿಯ ಕಾಲರು ಹಿಡಿದು "ನಡೆ" ಎಂದಳು. ಅಲ್ಲಿಂದ ನೇರ ಮಂಗಳೂರಿನ ದೊಡ್ಡಾಸ್ಪತ್ರೆ. ಆಗೆಲ್ಲ ಹೊಕ್ಕುಳ ಸುತ್ತ ಚುಚ್ಚುತ್ತಿದ್ದರು, ದಿನಾ ಹೋಗಬೇಕಿತ್ತು. ದಿನಾ ಅಕ್ಕ ಜೊತೆಗೆ ಹೋದಳು, ತಮ್ಮ ನೋವಿಗೆ ಕೂಗಿದರೆ ಅಲ್ಲಿಯೇ ಬೈಯುತ್ತಿದ್ದಳು. ಡಾಕ್ಟರು ಆಕೆಯ ಬೆರಳಿನ ಬಟ್ಟೆ ನೋಡಿ, ನಿಮಗೂ ಕಚ್ಚಿದೆಯಾ ಎಂದು ಕೇಳಿದರಂತೆ. "ನನಗೆ ಕಚ್ಚುವ ನಾಯಿ ಇನ್ನು ಹುಟ್ಟಬೇಕಷ್ಟೆ" ಎಂದಳಂತೆ. ಈ ಮಾತನ್ನು ಬಂದು ನನಗೆ ನಗುತ್ತ ಹೇಳಿದಳು.

ಉಳಿದೆರಡು ನಾಯಿಗಳಿಗೂ ಟೈಗರಿನ ಹಲ್ಲು ತಾಗಿತ್ತು. ಬೇರೆ ದಾರಿಯಿರಲಿಲ್ಲ. ತಮ್ಮ ಯಾರನ್ನೂ ಕರೆಯಲಿಲ್ಲ, ತಾವೇ ತೆಂಗಿನ ಬುಡಕ್ಕೆ ಕಟ್ಟಿ ಒನಕೆಯಿಂದ ಬಡಿದು ಕೊಂದರು. ಕೊಲ್ಲುವಾಗ ಮಕ್ಕಳ ಹಾಗೆ ಅತ್ತರು. ಅಕ್ಕ ಈಚೆ ಬಾಗಿಲು ಹಾಕಿ ಕೂತಿದ್ದಳು.

ಆಮೇಲಿನ ಎರಡು ತಿಂಗಳು ಆ ಎರಡು ಮನೆಗಳಲ್ಲಿ ಹಬ್ಬ. ಅಕ್ಕ ತಮ್ಮ ಈಗ ನೇರಾನೇರ ಜಗಳಾಡುತ್ತಿದ್ದರು. ತಮ್ಮ ಈಚೆ ಬಂದು ಬಂಗುಡೆ ಸಾರಿನಲ್ಲಿ ಉಂಡು, ಹುಳಿ ಜಾಸ್ತಿ ಎಂದು ಬೈಸಿಕೊಂಡು ಹೋದರು. ಆಣೆ ಬಿಡಿಸಿದ ಮೇಲೆ ಇಬ್ಬರೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣಬೇಕು, ಆಗಲೇ ಅದು ಪೂರ್ತಿ. ಅಕ್ಕನ ಸರದಿ ಬಾಕಿಯಿತ್ತು. ಮೂಡಬಿದ್ರೆಯಿಂದ ಹೆಂಡತಿ ಬಂದು ಅಡುಗೆ ಮಾಡಲಿ, ಅಕ್ಕನಿಗೆ ಸರಿಯಾಗಿ ಬಡಿಸಲಿ ಎಂದು ತಮ್ಮ ದಿನ ಗೊತ್ತು ಮಾಡಿದರು. ಅಕ್ಕ ಅದಕ್ಕೆ ಹೊಸ ಸೀರೆ ತಂದಳು. ಉಟ್ಟು ತೋರಿಸೆಂದು ನಾನು ಕಾಡಿದೆ, ಆ ದಿನವೇ ನೋಡು ಎಂದಳು.

ಆ ದಿನ ಬೆಳಗ್ಗೆ ಅಕ್ಕ ಏಳಲಿಲ್ಲ. ಹಿಂದಿನ ದಿನ ಬೆರಳು ಜುಮುಗುಟ್ಟುತ್ತದೆ, ಮೈ ಕಾಯುತ್ತದೆ ಎಂದಿದ್ದಳು. ನಾನು ಚಾ ಕೊಡಲು ಹೋದರೆ ಲೋಟ ನೋಡಿ ಮುಖ ತಿರುಗಿಸಿದಳು. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದುನಿಂತವು. ನಾನು ಲೋಟ ನೋಡಿದೆ, ಆಕೆಯನ್ನು ನೋಡಿದೆ. ಆಕೆಯೂ ನನ್ನನ್ನು ನೋಡಿದಳು. ಕಲ್ಲಡ್ಕದ ಗಾಡಿಯವನ ಹೆಸರು ಇಬ್ಬರೂ ಎತ್ತಲಿಲ್ಲ. ಕಾರು ತರಿಸಲು ರಸ್ತೆಗೆ ಓಡಿದೆ.

ನಾನು ಹಿಂತಿರುಗುವಷ್ಟರಲ್ಲಿ ತಮ್ಮ ಬಂದಿದ್ದರು. ಊಟಕ್ಕೆ ಬರಲಾಗದಷ್ಟು ಜ್ವರವೆಂದು ಯಾರೋ ಹೇಳಿದ್ದರು. ಆ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ ಮತ್ತು ನೀರು. ಅಕ್ಕ ಬರದಿದ್ದರೆ ಏನಾಯಿತು, ನಾನೇ ಕೊಂಡುಹೋಗುತ್ತೇನೆಂದು ಒಂದು ತಟ್ಟೆಯಲ್ಲಿ ಬೆಲ್ಲ, ಹಿತ್ತಾಳೆಯ ಚೊಂಬಿನಲ್ಲಿ ತಮ್ಮ ಬಾವಿಯ ನೀರು ತಂದಿದ್ದರು. ನಾನು ಬಾಗಿಲಲ್ಲಿ ನಿಂತು "ಬ್ಯಾಡ್ರೀ" ಎನ್ನುವಷ್ಟರಲ್ಲಿ ಚೊಂಬು ಆಕೆಯ ಮುಂದಿತ್ತು.

"ಕುಡಿ ಅಕ್ಕ. ನಮ್ಮ ಮನೆಯದ್ದು."

ಅಕ್ಕ ಕೈ ಚಾಚಿದಳು. ಅದನ್ನು ನಾನು ಕಂಡಿದ್ದೇನೆ, ಎಲ್ಲಿ ಬೇಕಾದರೂ ಹೇಳುತ್ತೇನೆ. ಎರಡೂ ಕೈ ಚಾಚಿದಳು. ಚೊಂಬು ತುಟಿಯ ಹತ್ತಿರ ಬಂತು. ಆಗ ಗಂಟಲು ಹಿಡಿಯಿತು. ಇಡೀ ಮೈ ಬಿಲ್ಲಿನಂತೆ ಬಾಗಿತು, ನಾನೆಂದೂ ಕೇಳದ ಒಂದು ಸ್ವರ ಹೊರಬಿತ್ತು, ಕೈ ಚೊಂಬನ್ನು ಬೀಸಿ ಹೊಡೆಯಿತು. ಅದು ತಮ್ಮನ ಹಣೆಗೆ ಬಡಿದು ರಕ್ತ ಬಂತು. ನೀರು ಅವರ ಎದೆಯ ಮೇಲೆ ಚೆಲ್ಲಿತು.

"ಇನ್ನೂ ಬಿಡಲಿಲ್ಲವಾ ನೀನು?" ಎಂದರು ಅವರು.

ಅಕ್ಕ ಏನೋ ಹೇಳಲು ಹೊರಟಳು, ನೊರೆ ಬಂತು. ಅವರು ಹಿಡಿಯಲು ಹತ್ತಿರ ಹೋದರು. "ಹೋಗು! ಹತ್ತಿರ ಬರಬೇಡ, ಹೋಗು!" ಎಂದು ಎದೆಗೆ ಒದ್ದಳು. ತನ್ನ ಹಲ್ಲು, ತನ್ನ ಉಗುಳು ಅವರಿಗೆ ತಾಗಬಾರದೆಂದು ಒದ್ದಳು. ನನಗದು ಹಗಲಿನಷ್ಟು ಸ್ಪಷ್ಟವಾಗಿತ್ತು. ಅವರು ಮಾತ್ರ ಗೋಡೆಗೆ ಒರಗಿ ಹಣೆಯ ರಕ್ತ ಒರೆಸದೆ ಕೂತುಬಿಟ್ಟರು.

ಆಸ್ಪತ್ರೆಯಲ್ಲಿ ಮಂಚಕ್ಕೆ ಕಟ್ಟಿ ಹಾಕಿದರು. ಹಗ್ಗ ಎಳೆದು ಎಳೆದು ಮಣಿಕಟ್ಟಿನ ತೊಗಲು ಸುಲಿದಿತ್ತು. ಮಾರನೆಯ ಮಧ್ಯಾಹ್ನ ಹೋದಳು. ಆಕೆಯ ಮೈ ಮುಟ್ಟಿದ ನಮ್ಮೆಲ್ಲರಿಗೂ ಹೊಟ್ಟೆಗೆ ಚುಚ್ಚಿದರು. ಸೂಜಿ ನೋಯಲಿಲ್ಲ ಎಂದರೆ ನಂಬಬೇಕು.

ಅಲ್ಲಿಂದ ನನಗೆ ಬೇಗ ವರ್ಗವಾಯಿತು, ನಾನೇ ಕೇಳಿ ಮಾಡಿಸಿಕೊಂಡೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಮದುವೆಗೆಂದು ಮಂಗಳೂರಿಗೆ ಹೋದವಳು ನರಿಕೊಂಬಿಗೂ ಹೋಗಿಬಂದೆ. ತಮ್ಮ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ನಾಯಿಯಿಲ್ಲ. ಹಣೆಯಲ್ಲಿ ಗಾಯದ ಗುರುತಿತ್ತು. ಕೂತ ಸ್ವಲ್ಪ ಹೊತ್ತಿಗೇ ಅವರು ಅದೇ ಮಾತು ತೆಗೆದರು. ಅಕ್ಕ ತನ್ನ ನೀರು ಮುಟ್ಟದೆ ಹೋದಳು, ದ್ವೇಷ ಬಿಡದೆ ಹೋದಳು ಎಂದರು.

ನನಗೆ ತಡೆಯಲಾಗಲಿಲ್ಲ. "ಅದು ರೋಗ ರೀ. ನಾಯಿ ಬಾಯಾಗ ಬೆರಳು ಹಾಕಿ ನಿಮ್ಮ ಕೈ ಬಿಡಿಸಿದ್ಲಲ್ಲ, ಆಗ ತಾಗಿದ್ದು. ನಿಮ್ಮ ನೀರಿಗೆ ಎರಡೂ ಕೈ ಚಾಚಿದ್ಲು. ನಾ ನೋಡೇನಿ."

ಅವರು ತಲೆಯಲ್ಲಾಡಿಸಿದರು.

"ನಾಯಿ ಕಚ್ಚಿದ್ದು ನನಗೆ. ಸತ್ತದ್ದು ಅವಳು. ಇದಕ್ಕೆ ನಿಮ್ಮ ಡಾಕ್ಟ್ರು ಎಂತ ಹೇಳ್ತಾರೆ?" ಎಂದರು. ಆಮೇಲೆ ದನಿ ತಗ್ಗಿಸಿದರು. "ದೇವರ ಎದುರು ಅವಳು ಸುಳ್ಳು ಹೇಳಿದ್ದಲ್ಲವಾ, ನನಗೋಸ್ಕರ. ಅದಕ್ಕೇ ಗಂಟಲು ಕಟ್ಟಿದ್ದು. ಆ ಕರುವಿನ ಮೇಲೆ ಛೂ ಬಿಟ್ಟದ್ದು ನಾನೇ. ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತುಂಟು ಅಂತ ನನಗೂ ಗೊತ್ತಿತ್ತು."

ಇಷ್ಟು ಹೇಳಿ ಎದ್ದು ಒಳಗೆ ಹೋದರು. ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದು ನನ್ನ ಮುಂದಿಟ್ಟರು.

ಆಗ ನನ್ನ ಕೈಯಲ್ಲಿ ಕತ್ತಿಯಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅಕ್ಕನಾಗಿದ್ದರೆ ಕತ್ತಿಯ ಬೆನ್ನಿನಿಂದ ಎರಡು ಬಾರಿಸಿ, ಊರಿಗೆಲ್ಲ ಕೇಳುವಂತೆ ಬೈದು, ಆಮೇಲೆ ಚೊಂಬೆತ್ತಿ ಗಟಗಟ ಕುಡಿದುಬಿಡುತ್ತಿದ್ದಳು. ನಾನು ಅಕ್ಕನಲ್ಲ. ಬಾಯಾರಿತ್ತು, ಆದರೂ ಮುಟ್ಟದೆ ಎದ್ದು ಬಂದೆ.